ಬಾದಾಮಿಯ ಬಂಡೆ, ಯಡಹಳ್ಳಿಯ ಚಿಗರಿ

ಮೇ ತಿಂಗಳ ಮೊದಲ ವಾರ, ಬಾಗಲಕೋಟೆಯ ನವನಗರದಲ್ಲಿ ನಡುಮಧ್ಯಾಹ್ನ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ ನೋಡಿ. ನೆರಳು ಕೋಲಿನ ಬುಡದಲ್ಲೇ ಅಡಗಿರುತ್ತದೆ, ಯಾಕೆಂದರೆ ಸೂರ್ಯ ಸರಿಯಾಗಿ ನೆತ್ತಿಯ ಮೇಲಿದ್ದಾನೆ. ಮೋಡ ಸರಿದರೆ ಆಗಸ್ಟ್ ಮೊದಲ ವಾರದಲ್ಲೂ ಇದನ್ನೇ ಕಾಣಬಹುದು. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಿಗಷ್ಟೇ ವರ್ಷಕ್ಕೆ ಎರಡು ಸಲ ಒದಗುವ ಗಳಿಗೆ ಇದು. ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದ ಬಾಗಲಕೋಟೆ ಅಪ್ಪಟ ಉಷ್ಣವಲಯದ ಊರು.

ಉಷ್ಣವಲಯ ಎಂದರೆ ಜಡಿಮಳೆ, ಮುಗಿಲು ಮುಟ್ಟುವ ಮರ ಎಂದು ನಾವು ತಿಳಿದಿದ್ದೇವೆ. ಇಲ್ಲಿ ಅದೊಂದೂ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ ಇಲ್ಲಿ 600ರ ಒಳಗೇ ನಿಲ್ಲುತ್ತದೆ. ಅರಬ್ಬಿ ಸಮುದ್ರದಿಂದ ಬರುವ ಗಾಳಿ ಸಹ್ಯಾದ್ರಿ ಏರುವಾಗ ತಣ್ಣಗಾಗಿ ನೀರನ್ನು ಅಲ್ಲೇ ಸುರಿಸುತ್ತದೆ. ಈಚೆ ಇಳಿಯುವಾಗ ಮತ್ತೆ ಬಿಸಿಯಾಗುವುದರಿಂದ ಮೋಡಗಳು ಕರಗಿಹೋಗುತ್ತವೆ. ಹೀಗಾಗಿ ಕರಾವಳಿ ತೊಯ್ದು ತೊಪ್ಪೆಯಾಗುವ ಜುಲೈನಲ್ಲಿ ನಮ್ಮ ರೈತ ಮುಗಿಲು ನೋಡುತ್ತ ನಿಂತಿರುತ್ತಾನೆ. ದೊಡ್ಡ ಮಳೆ ಬರುವುದು ಸೆಪ್ಟೆಂಬರಿನಲ್ಲಿ, ಗುಡುಗು ಸಿಡಿಲಿನ ಜೊತೆ.

ಈ ನಾಡನ್ನು ನೋಡಬೇಕೆಂದರೆ ಇಳಕಲ್ಲಿನಿಂದ ಹೊರಡಿ ಎನ್ನುತ್ತೇನೆ. ಸೀರೆಯಿಂದ ಹೆಸರಾದ ಊರಿನ ಸುತ್ತಲಿನ ಕೆಂಪು ಗ್ರಾನೈಟ್ ದೇಶದ ಆಚೆಗೂ ಹೋಗುತ್ತದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿದ್ದ ಶಿಲಾರಸ ನಿಧಾನವಾಗಿ ಆರಿ ಹರಳುಗಟ್ಟಿದ ಕಲ್ಲು ಅದು. ಅದರಲ್ಲಿನ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಎಂಬ ಖನಿಜದಿಂದ ಕೆಂಪು ಬಂದಿದೆ. ಹುನಗುಂದದ ಎರಿ ಹೊಲಗಳನ್ನು ದಾಟಿ ಐಹೊಳೆಯ ಹತ್ತಿರ ಬಂದರೆ ಕಲ್ಲಿನ ಜಾತಿಯೇ ಬದಲಾಗುತ್ತದೆ. ಇದು ಮರಳುಗಲ್ಲು.

ಇದೇ ಕಲ್ಲಿನಲ್ಲಿ ಕೊರೆದ ಬಾದಾಮಿಯ ಮೊದಲ ಗುಹೆಯಲ್ಲಿ ಎಲ್ಲರೂ ಹದಿನೆಂಟು ಕೈಗಳ ನಟರಾಜನ ಮುಂದೆ ನಿಲ್ಲುತ್ತಾರೆ. ನಿಲ್ಲಲೇಬೇಕು. ಆಮೇಲೆ ಕಣ್ಣನ್ನು ಸ್ವಲ್ಪ ಪಕ್ಕಕ್ಕೆ ಹೊರಳಿಸಿ, ಕೆತ್ತನೆಯಿಲ್ಲದ ಬರಿಗೋಡೆಯನ್ನು ನೋಡಿ. ಓರೆಯಾದ ಗೆರೆಗಳ ಗುಂಪು, ಅದರ ಮೇಲೆ ಬೇರೆ ಓರೆಯ ಇನ್ನೊಂದು ಗುಂಪು. ಇವು ಉಳಿಯ ಗುರುತಲ್ಲ, ನದಿಯ ಗುರುತು. ಹರಿಯುವ ನೀರು ಮರಳಿನ ದಿಬ್ಬವನ್ನು ಮುಂದೆ ತಳ್ಳುವಾಗ ಅದರ ಇಳಿಜಾರಿನ ಮೇಲೆ ಪದರ ಪದರವಾಗಿ ಮರಳು ಜಾರಿ ನಿಲ್ಲುತ್ತದೆ. ಗೆರೆ ಯಾವ ದಿಕ್ಕಿಗೆ ವಾಲಿದೆಯೋ ನೀರು ಆ ದಿಕ್ಕಿಗೆ ಹರಿದಿತ್ತು. ಇದೇ ಕ್ರಿಯೆಯನ್ನು ಮಲಪ್ರಭೆಯ ಮರಳಿನಲ್ಲಿ ಇವತ್ತೂ ನೋಡಬಹುದು.

ಆದರೆ ಆ ಹಳೆಯ ನದಿಗಳು ಇಂದಿನ ಮಲಪ್ರಭೆಯಂಥವಲ್ಲ. ಅವು ಹರಿದದ್ದು 50 ಕೋಟಿ ವರ್ಷಗಳಿಗೂ ಹಿಂದೆ. ಆಗ ನೆಲದ ಮೇಲೆ ಗಿಡವಿಲ್ಲ, ಹುಲ್ಲೂ ಇಲ್ಲ. ದಂಡೆಯನ್ನು ಹಿಡಿದಿಡಲು ಬೇರೇ ಇರದಿದ್ದಾಗ ನದಿಗೆ ಒಂದೇ ಪಾತ್ರ ಇರುವುದಿಲ್ಲ. ಹತ್ತಾರು ಕವಲುಗಳಾಗಿ, ಜಡೆ ಬಿಚ್ಚಿದಂತೆ ಬಯಲಿನ ತುಂಬ ಹರಡಿಕೊಳ್ಳುತ್ತದೆ. ಹಾಗೆ ಹರಡಿದ ಮರಳೇ ಗಟ್ಟಿಯಾಗಿ ಈ ಬಂಡೆಯಾಯಿತು. ಕ್ರಿ.ಶ. 578ರಲ್ಲಿ ಚಾಲುಕ್ಯರ ಮಂಗಳೇಶ ಮೂರನೆಯ ಗುಹೆಯಲ್ಲಿ ಶಾಸನ ಹಾಕಿಸಿದ್ದು ಈ ಕಲ್ಲಿನ ಲೆಕ್ಕದಲ್ಲಿ ನಿನ್ನೆ ಸಂಜೆಯ ಮಾತು. ಇಲ್ಲಿನ ಹಳೆಯ ಬಂಡೆಗಳಿಗೆ ಕಲಾದಗಿ ಊರಿನ ಹೆಸರಿಟ್ಟು ಅದನ್ನು ಜಗತ್ತಿನ ಭೂವಿಜ್ಞಾನಕ್ಕೆ ದಾಟಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಅವರ ವರದಿ ಬಂದದ್ದು 1876ರಲ್ಲಿ.

ಇಂಥ ಗುಡ್ಡಗಳ ಮೇಲೆ ಮಣ್ಣು ತೆಳು, ನೀರು ನಿಲ್ಲುವುದಿಲ್ಲ. ಜಾಲಿ, ಬಾರಿ, ಕವಳಿ, ಹಳದಿ ಹೂವಿನ ಆವರಿಕೆ, ನಡುನಡುವೆ ಹುಲ್ಲು. ದೇಶದ ಪಾಳುಭೂಮಿಯ ನಕಾಶೆಗಳಲ್ಲಿ ಇಂಥ ಕುರುಚಲು ಭೂಮಿಯನ್ನೂ ಸೇರಿಸುವ ರೂಢಿಯಿದೆ. ಇದು ನನಗೆ ನೋವಿನ ಸಂಗತಿ. ಪಾಳು ಎಂದು ಬರೆದ ಮೇಲೆ ಅಲ್ಲಿ ಸಾಲು ಸಾಲು ನೀಲಗಿರಿ ನೆಡುವುದೂ ಒಳ್ಳೆಯ ಕೆಲಸದಂತೆ ಕಾಣುತ್ತದೆ. ಆದರೆ ಬಯಲನ್ನೇ ನಂಬಿ ಬದುಕುವ ಪ್ರಾಣಿಗೆ ದಟ್ಟ ಮರಗಳು ಆಸರೆಯಲ್ಲ, ಶತ್ರು ಅಡಗುವ ಮರೆ.

ಅಂಥದ್ದೊಂದು ಪ್ರಾಣಿ ಚಿಂಕಾರ. ಬೀಳಗಿ, ಮುಧೋಳ ತಾಲ್ಲೂಕುಗಳ ನಡುವಿನ ಸುಮಾರು 96 ಚದರ ಕಿಲೋಮೀಟರ್ ಗುಡ್ಡಗಾಡನ್ನು 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮವೆಂದು ಸರ್ಕಾರ ಘೋಷಿಸಿತು. ನಮ್ಮ ಜಿಲ್ಲೆಯಲ್ಲಿ ರಾಷ್ಟ್ರೀಯ ಉದ್ಯಾನವಿಲ್ಲ; ನಾನು ಇದನ್ನೇ ಅದರ ಸಾಟಿ ಎಂದುಕೊಂಡಿದ್ದೇನೆ. ನಮ್ಮ ಮಂದಿ ಚಿಗರಿ ಎಂದು ಕರೆಯುವ ಗುಂಪಿನಲ್ಲೇ ಚಿಂಕಾರವೂ ಸೇರಿಹೋಗುತ್ತದೆ. ಆದರೆ ಇದು ಕೃಷ್ಣಮೃಗವೂ ಅಲ್ಲ, ಚುಕ್ಕೆ ಜಿಂಕೆಯೂ ಅಲ್ಲ. ತೂಕ ಇಪ್ಪತ್ತು ಕಿಲೋ ಆಸುಪಾಸು, ಒಣ ಮಣ್ಣಿನ ಬಣ್ಣದ ಮೈ, ಕಣ್ಣಿನಿಂದ ಮೂತಿಗೆ ಇಳಿದ ಗೆರೆ. ರಾಜಸ್ಥಾನದ ಮರುಭೂಮಿಗೆ ಒಗ್ಗಿದ ಈ ಜೀವಿ ದಿನಗಟ್ಟಲೆ ನೀರು ಕುಡಿಯದೆ ಇರಬಲ್ಲದು. ಎಲೆಯ ರಸ, ಇರುಳಿನ ಇಬ್ಬನಿ ಅದಕ್ಕೆ ಸಾಕು. ಇದರ ನೆಲೆಯ ದಕ್ಷಿಣದ ಅಂಚು ಕರ್ನಾಟಕದಲ್ಲಿದೆ. ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದಲ್ಲೂ ಇದೆ. ಅಲ್ಲಿ 2019ರಲ್ಲಿ ಧಾಮವಾಯಿತು.

ಇಲ್ಲಿ ಬಂಡೀಪುರದಂತೆ ಜೀಪಿನಲ್ಲಿ ಕೂತು ಲೆಕ್ಕ ಹಾಕುವ ನೋಟ ಸಿಗದು. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಮಳೆ ಮುಗಿದ ಮೇಲೆ ನಸುಕಿನಲ್ಲಿ ಹೋಗಿ. ಮಾತಾಡದೆ ಕೂತಿರಿ. ತೋಳದ ಹೆಜ್ಜೆ ಕಂಡರೂ ಕಾಣಬಹುದು. ಹೊತ್ತು ಏರುವ ಮೊದಲು ಎದುರಿನ ಇಳಿಜಾರಿನಲ್ಲಿ ಒಂದು ಕಲ್ಲು ಕತ್ತು ಎತ್ತಿದಂತಾಗುತ್ತದೆ. ಮುಂಗಾಲಿನಿಂದ ಒಮ್ಮೆ ನೆಲ ಒದ್ದು, ಮೂಗಿನಲ್ಲಿ ಸೀನಿದಂತೆ ಸದ್ದು ಮಾಡಿ, ಕಪ್ಪು ಬಾಲ ಅಲ್ಲಾಡಿಸುತ್ತ ಅದು ಜಾಲಿಗಳ ಆಚೆ ಹಾರಿಹೋಗುತ್ತದೆ.