ಉಣುಗಿನ ಜ್ವರ: ರಕ್ತಪರೀಕ್ಷೆಯ ವರದಿಯನ್ನು ಅರಿಯುವ ಬಗೆ

ಮಲೆನಾಡಿನ ರೈತರಿಗೆ ಉಣುಗು ಹೊಸದಲ್ಲ. ದನದ ಕಿವಿಯಲ್ಲಿ, ಕೆಚ್ಚಲಿನ ಬಳಿ ಕಚ್ಚಿಕೊಳ್ಳುವ ಈ ಜೀವಿ ಸೊಪ್ಪು, ದರಗು, ಸೌದೆ ತರಲು ಕಾಡಿಗೆ ಹೋದವರ ಮೈಗೂ ಹತ್ತುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಇದಕ್ಕೆ ಕಾರಣವಾದ ವೈರಸ್ಸನ್ನು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಗುರುತಿಸಿದರು. ಜನರು ಮಂಗನ ಕಾಯಿಲೆ ಎನ್ನುವುದು ಇದನ್ನೇ. ಇದು ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಣಿಸಿಕೊಳ್ಳುತ್ತದೆ. ರೋಗ ತಗುಲಿದ ನೂರು ಜನರಲ್ಲಿ 3ರಿಂದ 5 ಮಂದಿ ಸಾಯುವುದುಂಟು.

ಜ್ವರ ಬಂದವರ ರಕ್ತಪರೀಕ್ಷೆ ಮಾಡಿಸಿದಾಗ ವರದಿ ‘ನೆಗೆಟಿವ್’ ಎಂದು ಬರಬಹುದು. ‘ಇದು ಮಂಗನ ಕಾಯಿಲೆಯಲ್ಲ, ಮನೆಗೆ ಹೋಗಿ’ ಎಂದು ವೈದ್ಯರು ಹೇಳಲೂಬಹುದು. ಆದರೆ ಆ ಮಾತನ್ನು ಒಪ್ಪುವ ಮೊದಲು ಒಂದು ಸಂಗತಿಯನ್ನು ವಿಚಾರಿಸುವುದು ಅವಶ್ಯಕ: ರಕ್ತವನ್ನು ಜ್ವರದ ಎಷ್ಟನೆಯ ದಿನ ತೆಗೆಯಲಾಯಿತು, ಯಾವ ಪರೀಕ್ಷೆ ಮಾಡಲಾಯಿತು?

ಇದು ಮಣ್ಣು ಪರೀಕ್ಷೆಯಂತೆಯೇ. ಗೊಬ್ಬರ ಹಾಕಿದ ಮರುದಿನ ತೆಗೆದ ಮಣ್ಣಿನ ಮಾದರಿಯು ಹೊಲದ ನಿಜವಾದ ಸ್ಥಿತಿಯನ್ನು ತಿಳಿಸುವುದಿಲ್ಲ. ಪ್ರಯೋಗಾಲಯದ ಅಂಕಿ ಸರಿಯಾಗಿಯೇ ಇದ್ದರೂ ಅದರಿಂದ ತೆಗೆದ ತೀರ್ಮಾನ ತಪ್ಪಾಗುತ್ತದೆ.

ಯಾವ ದಿನ, ಯಾವ ಪರೀಕ್ಷೆ?

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಜ್ವರ ಶುರುವಾಗುತ್ತದೆ. ಮೊದಲ ವಾರದಲ್ಲಿ ವೈರಸ್ಸು ರಕ್ತದಲ್ಲಿಯೇ ಇರುವುದರಿಂದ ಅದನ್ನು ನೇರವಾಗಿ ಹುಡುಕುವ ಪಿಸಿಆರ್ ಪರೀಕ್ಷೆ ಸೂಕ್ತ. ದಿನ ಕಳೆದಂತೆ ವೈರಸ್ಸು ಕಡಿಮೆಯಾಗಿ, ಅದರ ವಿರುದ್ಧ ದೇಹವು ತಯಾರಿಸುವ ಪ್ರತಿಕಾಯಗಳು ಹೆಚ್ಚುತ್ತವೆ. ಐಜಿಎಮ್ ಎಂಬ ಪ್ರತಿಕಾಯವು ಸುಮಾರು 5ನೆಯ ದಿನದಿಂದ ಕಾಣಿಸಿಕೊಂಡು ಕೆಲವು ತಿಂಗಳು ಉಳಿಯುತ್ತದೆ. ಐಜಿಜಿ ಎಂಬುದು ಇನ್ನೂ ಬಹುಕಾಲ ಇರುತ್ತದೆ.

ಸಂಶಯಕ್ಕೆ ಎಡೆಯಿರುವ ಸಂದರ್ಭಗಳು

1. ಜ್ವರದ 2ನೆಯ ದಿನ ಐಜಿಎಮ್ ಮಾತ್ರ ಪರೀಕ್ಷಿಸಿ ‘ನೆಗೆಟಿವ್’ ಬಂದಿದ್ದರೆ ರೋಗವಿಲ್ಲವೆಂದು ಹೇಳಲಾಗದು. ಪ್ರತಿಕಾಯ ಹುಟ್ಟಲು ಆಗ ಇನ್ನೂ ಸಮಯವಾಗಿರುವುದಿಲ್ಲ.

2. ಎರಡು ವಾರ ಕಳೆದ ಮೇಲೆ ಪಿಸಿಆರ್ ಮಾತ್ರ ಮಾಡಿ ‘ನೆಗೆಟಿವ್’ ಬಂದಿದ್ದರೂ ಹಾಗೆಯೇ. ವೈರಸ್ಸು ರಕ್ತದಿಂದ ಮರೆಯಾಗಿರಬಹುದು.

3. ಐಜಿಜಿ ಮಾತ್ರ ‘ಪಾಸಿಟಿವ್’ ಇದ್ದರೆ ಅದು ಹಿಂದೆಂದೋ ಬಂದುಹೋದ ಸೋಂಕಿನ ಗುರುತಾಗಿರಬಹುದು. ಈಗಿನ ಜ್ವರಕ್ಕೆ ಬೇರೆ ಕಾರಣವಿರಬಹುದು.

4. ಡೆಂಗೆ ವೈರಸ್ಸೂ ಮಂಗನ ಕಾಯಿಲೆಯ ವೈರಸ್ಸೂ ಒಂದೇ ಗುಂಪಿಗೆ ಸೇರಿದವು. ಆದ್ದರಿಂದ ಪ್ರತಿಕಾಯದ ಪರೀಕ್ಷೆಯಲ್ಲಿ ಒಂದು ಮತ್ತೊಂದರಂತೆ ತೋರುವ ಸಂಭವವಿದೆ. ಪ್ಲೇಟ್‌ಲೆಟ್ ಇಳಿಯುವುದು ಎರಡರಲ್ಲೂ ಉಂಟು.

ಬೇರೆ ದೇಶದ ಒಂದು ಉದಾಹರಣೆ

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್ ಊರಿನ ಹೆಸರಿರುವ ಲೈಮ್ ರೋಗವೂ ಉಣುಗಿನಿಂದಲೇ ಹರಡುತ್ತದೆ. ಅದಕ್ಕೆ ಕಾರಣ ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಅಲ್ಲಿಯೂ ಪ್ರತಿಕಾಯ ಹುಟ್ಟಲು ಕೆಲವು ವಾರ ಬೇಕು. ಆದಕಾರಣ ಉಣುಗಿರುವ ಪ್ರದೇಶದವರ ಚರ್ಮದ ಮೇಲೆ ದಿನೇ ದಿನೇ ಅಗಲವಾಗುವ ವಿಶಿಷ್ಟ ಕೆಂಪು ಕಲೆ ಕಂಡರೆ ವೈದ್ಯರು ವರದಿಗೆ ಕಾಯದೆ ಔಷಧ ಕೊಡುತ್ತಾರೆ. ರೋಗ ವಾಸಿಯಾದ ಮೇಲೂ ಪರೀಕ್ಷೆ ಬಹುಕಾಲ ‘ಪಾಸಿಟಿವ್’ ಆಗಿಯೇ ಉಳಿಯಬಹುದು. ಹೀಗೆ ‘ಇಲ್ಲ’ ಎಂಬ ವರದಿಯಿಂದಲೂ ‘ಇದೆ’ ಎಂಬ ವರದಿಯಿಂದಲೂ ತಪ್ಪು ತಿಳಿವಳಿಕೆಗೆ ಅವಕಾಶವಿದೆ.

ವೈದ್ಯರಲ್ಲಿ ಕೇಳಬೇಕಾದುದು

ಪ್ರಶ್ನೆ ಕೇಳುವುದು ವೈದ್ಯರಿಗೆ ಅಗೌರವ ತೋರಿದಂತಲ್ಲ. ರೋಗಿ ಕಾಡಿಗೆ ಹೋಗಿದ್ದನೆಂಬುದು ಅನೇಕ ವೇಳೆ ವೈದ್ಯರಿಗೆ ತಿಳಿದೇ ಇರುವುದಿಲ್ಲ. ಆದುದರಿಂದ ಜ್ವರ ಶುರುವಾದ ತಾರೀಖು, ಕಾಡಿಗೆ ಹೋದ ದಿನ, ಮೈಮೇಲೆ ಉಣುಗು ಕಂಡದ್ದು, ಸುತ್ತಮುತ್ತ ಮಂಗ ಸತ್ತದ್ದು, ಹಿಂದೆ ಲಸಿಕೆ ಹಾಕಿಸಿಕೊಂಡದ್ದು ಇವನ್ನು ಒಂದು ಚೀಟಿಯಲ್ಲಿ ಬರೆದು ಒಯ್ಯಬೇಕು. ನಂತರ ಹೀಗೆ ಕೇಳಬಹುದು: ‘ಡಾಕ್ಟರೇ, ಜ್ವರದ ಈ ದಿನಕ್ಕೆ ಈ ಪರೀಕ್ಷೆ ಸಾಕೇ? ಇನ್ನೊಂದು ಪರೀಕ್ಷೆ ಬೇಕೇ? ಕೆಲವು ದಿನ ಬಿಟ್ಟು ಮತ್ತೆ ರಕ್ತ ಕೊಡಬೇಕೇ? ಇದಲ್ಲದಿದ್ದರೆ ಮತ್ತೆ ಯಾವ ಜ್ವರವಿರಬಹುದು?’

ಕೊನೆಯ ಪ್ರಶ್ನೆ ಬಹು ಮುಖ್ಯವಾದುದು. ಮಂಗನ ಕಾಯಿಲೆಯ ವೈರಸ್ಸನ್ನು ಕೊಲ್ಲುವ ನಿರ್ದಿಷ್ಟ ಔಷಧವಿಲ್ಲ. ಆದರೆ ಹುಲ್ಲು-ಪೊದೆಗಳಲ್ಲಿನ ಸಣ್ಣ ನುಸಿಯ ಮರಿಗಳಿಂದ ಬರುವ ಸ್ಕ್ರಬ್ ಟೈಫಸ್, ಗದ್ದೆಯಲ್ಲಿ ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಇಲಿ ಜ್ವರ ಇವಕ್ಕೆ ಔಷಧವಿದೆ. ಅದನ್ನು ಬೇಗ ಕೊಟ್ಟಷ್ಟೂ ಒಳ್ಳೆಯದು.

ಮಂಗನ ಕಾಯಿಲೆ ಎಂದು ತಿಳಿದರೂ ಪ್ರಯೋಜನವುಂಟು. ದೇಹದಲ್ಲಿ ನೀರಿನಂಶ ಕಾಪಾಡುವುದು, ರಕ್ತಸ್ರಾವವನ್ನು ಗಮನಿಸುವುದು ಇವುಗಳಿಂದ ಜೀವ ಉಳಿಯುತ್ತದೆ. ಮೈಕೈ ನೋವಿಗೆಂದು ಆಸ್ಪಿರಿನ್‌ನಂತಹ ಮಾತ್ರೆಗಳನ್ನು ತಾವಾಗಿಯೇ ನುಂಗಬಾರದು. ಅವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮರುಕಳಿಸಿ ತೀವ್ರ ತಲೆನೋವು, ನಡುಕ, ಮಂಪರು ಉಂಟಾಗುತ್ತದೆ. ಮೊದಲ ವರದಿ ಏನೇ ಹೇಳಿದ್ದರೂ ಆಗ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ಹಳೆಯ ಲಸಿಕೆಯನ್ನು ಸಾಕಷ್ಟು ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಲ್ಲಿಸಲಾಯಿತು. ಆದುದರಿಂದ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಕೈಕಾಲುಗಳಿಗೆ ಹಚ್ಚಿಕೊಂಡು ಕಾಡಿಗೆ ಹೋಗುವುದು, ಮರಳಿದೊಡನೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯುವುದು, ಸತ್ತ ಮಂಗ ಕಂಡರೆ ಮುಟ್ಟದೆ ಇಲಾಖೆಗೆ ತಿಳಿಸುವುದು ಲೇಸು. ಗ್ರಾಮಮಟ್ಟದ ಕಾರ್ಯಕರ್ತರು ಜ್ವರದ ತಾರೀಖು ಬರೆದಿಡುವ ಅಭ್ಯಾಸವನ್ನು ಪ್ರತಿ ಮನೆಯಲ್ಲೂ ರೂಢಿಸಿದರೆ ವೈದ್ಯರಿಗೂ ರೋಗಿಗೂ ಅದರಿಂದ ಬಹಳ ಅನುಕೂಲವಾಗುವುದು.