ಲಯ ಕಾಯುವ ಎಡಗೈ
ಪೋಲೆಂಡಿನ ಶೋಪಾನ್ 1832ರಲ್ಲಿ ಪ್ರಕಟಿಸಿದ ಇ-ಫ್ಲ್ಯಾಟ್ ಮೇಜರ್ ‘ನಾಕ್ಟರ್ನ್’ ಪಿಯಾನೊ ಕಲಿಯುವವರಿಗೆ ಚಿರಪರಿಚಿತ. ಸ್ವರಗಳು ಕೈವಶವಾದ ಮೇಲೆಯೇ ಈ ರಾತ್ರಿಗೀತೆಯ ನಿಜವಾದ ಪರೀಕ್ಷೆ. ಭಾವದ ಹೆಸರಿನಲ್ಲಿ ಎರಡೂ ಕೈಗಳು ಲಯ ತಪ್ಪಿದರೆ ಉಳಿಯುವುದು ಬರಿಯ ಗೋಳು.

ಎಡಗೈ ವಾದ್ಯವೃಂದದ ನಿರ್ದೇಶಕನಂತೆ ಲಯ ಕಾಯಬೇಕು, ಬಲಗೈ ಗಾಯಕನಂತೆ ಸ್ವತಂತ್ರವಾಗಿರಬೇಕು ಎಂಬುದು ಶೋಪಾನ್ ತನ್ನ ಶಿಷ್ಯರಿಗೆ ಹೇಳಿದ ಪಾಠ. ಆದ್ದರಿಂದ ಮೊದಲು ಎಡಗೈಯನ್ನಷ್ಟೇ ನುಡಿಸಿ ಸ್ಥಿರಗೊಳಿಸಬೇಕು. ಬಲಗೈಯ ರಾಗವನ್ನು ಬಾಯಿಬಿಟ್ಟು ಹಾಡಿ, ಉಸಿರಿನ ತಾಣಗಳನ್ನು ಗುರುತಿಸಿಕೊಳ್ಳಬೇಕು. ಮಂದ್ರಸ್ವರ ಬದಲಾದಂತೆ ಪೆಡಲನ್ನೂ ಬಿಟ್ಟು ಒತ್ತಬೇಕು. ಇಲ್ಲವಾದರೆ ನಾದ ಕಲಸಿಹೋಗುತ್ತದೆ.

ಮರಳಿ ಬರುವ ರಾಗಕ್ಕೆ ಹೊಸ ಹೊಸ ಅಲಂಕಾರ ತೊಡಿಸಿದ ಶೋಪಾನ್, ಶಿಷ್ಯರ ಪ್ರತಿಗಳಲ್ಲಿ ಇನ್ನಷ್ಟು ಪಾಠಾಂತರಗಳನ್ನು ಬರೆದುಕೊಟ್ಟಿದ್ದ. ಅಂಥವನ ಕೃತಿಯನ್ನು ಯಾರದೋ ಧ್ವನಿಮುದ್ರಣದ ನಕಲಾಗಿಸುವುದು ಅಭ್ಯಾಸವೆನಿಸೀತೇ ಹೊರತು ಸಂಗೀತವಾಗದು.