ಹಳೆಯ ಟ್ರಾಕ್ಟರಿಗೆ ಮಾಪಕ ಕೂಡಿಸುವಾಗ ತಂತಿಯ ಆಯ್ಕೆ

ಅರಸೀಕೆರೆ, ಬೇಲೂರು, ಹಳೇಬೀಡು ಪ್ರಾಂತಗಳಲ್ಲಿ ತಂದೆಯ ಕಾಲದಲ್ಲಿ ಕೊಂಡ ಟ್ರಾಕ್ಟರನ್ನು ಮಕ್ಕಳು ಇಂದಿಗೂ ದುಡಿಸುತ್ತಿರುವುದುಂಟು. 1960ರ ದಶಕದ ಮಹೀಂದ್ರ ಬಿ-275, 1970ರ ದಶಕದ ಎಚ್.ಎಂ.ಟಿ. 2511 ಮೊದಲಾದ ಯಂತ್ರಗಳಲ್ಲಿ ಎಂಜಿನು ಗಟ್ಟಿಯಾಗಿ ಉಳಿದಿದ್ದರೂ ಚಾಲಕನೆದುರಿನ ಮಾಪಕಗಳು, ಎಂದರೆ ಮೀಟರುಗಳು, ಕೆಟ್ಟು ನಿಂತಿರುತ್ತವೆ. ಬ್ಯಾಟರಿಗೆ ವಿದ್ಯುತ್ತು ತುಂಬುತ್ತಿಲ್ಲವೆಂಬುದು ರಾಗಿ ಬಿತ್ತನೆಯ ಹದದ ದಿನ ಯಂತ್ರವು ಹೊರಡದೆ ನಿಂತಾಗಲೇ ತಿಳಿಯುವುದು. ಆದಕಾರಣ ಹೊಸ ಮಾಪಕವೊಂದನ್ನು ಕೂಡಿಸುವುದು ಯುಕ್ತವಾದ ಕಾರ್ಯ. ಆದರೆ ಮಾಪಕವನ್ನು ಪರೀಕ್ಷಿಸಿ ಕೊಳ್ಳುವವರೂ ತಂತಿಯನ್ನು ಮಾತ್ರ ಮನೆಯಲ್ಲಿ ಬಿದ್ದಿದ್ದ ತುಂಡಿನಿಂದ ಪೂರೈಸುವುದುಂಟು. ಒಣಹುಲ್ಲಿನ ಹೇರನ್ನೋ ಕೊಬ್ಬರಿಯ ಚೀಲಗಳನ್ನೋ ಎಳೆಯುವ ವಾಹನದಲ್ಲಿ ಇದು ಬೆಂಕಿಗೆ ಎಡೆಮಾಡತಕ್ಕ ಅಜಾಗರೂಕತೆ.

ಬ್ಯಾಟರಿಯ ಸ್ಥಿತಿಯನ್ನು ತೋರಿಸುವ ಮಾಪಕಗಳು ಎರಡು ಬಗೆ. ಆಮ್ಮೀಟರು ಹರಿಯುವ ವಿದ್ಯುತ್ತನ್ನು ಅಳೆಯುತ್ತದೆ. ವೋಲ್ಟ್‌ಮೀಟರು ಅದರ ಒತ್ತಡವನ್ನು ಅಳೆಯುತ್ತದೆ. ಕಾಲುವೆಯ ನೀರನ್ನೆಲ್ಲ ತನ್ನೊಳಗಿಂದಲೇ ಹಾಯಿಸಿ ಅಳೆಯುವ ತೂಬಿನಂತೆ ಆಮ್ಮೀಟರು. ಬ್ಯಾಟರಿಗೆ ತುಂಬುವ ಮತ್ತು ದೀಪಗಳಿಗೆ ಹೋಗುವ ವಿದ್ಯುತ್ತೆಲ್ಲವೂ ಅದರ ಮೂಲಕವೇ ಸಾಗಬೇಕು. ವೋಲ್ಟ್‌ಮೀಟರಾದರೋ ದಡದಲ್ಲಿ ನೆಟ್ಟ ಅಳತೆಗೋಲು. ಅದರೊಳಗೆ ಹರಿಯುವುದು ಅತ್ಯಲ್ಪ. ತಂತಿಯ ಗಾತ್ರವನ್ನು ನಿಶ್ಚಯಿಸುವುದು ಈ ಭೇದವೇ.

ಆಮ್ಮೀಟರಿಗೆ ಹೋಗಿ ಬರುವ ತಂತಿಯ ಉದ್ದ ಆರು ಮೀಟರೆಂದು ಎಣಿಸೋಣ. ಅದು 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯಾಗಿದ್ದು 30 ಆಂಪಿಯರು ಹರಿದರೆ, ಸುಮಾರು 2 ವೋಲ್ಟು ದಾರಿಯಲ್ಲಿಯೇ ನಷ್ಟವಾಗಿ 65 ವಾಟಿನಷ್ಟು ಶಾಖ ತಂತಿಯಲ್ಲಿ ಹುಟ್ಟುವುದು. ಬ್ಯಾಟರಿ ಅರೆಹೊಟ್ಟೆಯಲ್ಲಿಯೇ ಉಳಿಯುವುದು. ತಂತಿಯ ಹೊದಿಕೆ ಮೆತ್ತಗಾಗುವುದು. 6 ಚದರ ಮಿಲಿಮೀಟರಿನ ತಂತಿಯಲ್ಲಿ ನಷ್ಟ ಅರ್ಧ ವೋಲ್ಟಿನ ಸಮೀಪಕ್ಕೆ ಇಳಿಯುತ್ತದೆ. ಹಳೆಯ ಡೈನಮೋವನ್ನು ತೆಗೆಸಿ ಹೆಚ್ಚು ಶಕ್ತಿಯ ಆಲ್ಟರ್ನೇಟರನ್ನು ಹಾಕಿಸಿದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಂದಿನ ಆಮ್ಮೀಟರೂ ತಂತಿಯೂ ಇಂದಿನ ಹರಿವಿಗೆ ಸಾಲವು. ಸ್ಟಾರ್ಟರಿನ ದಪ್ಪ ಕೇಬಲನ್ನು ಯಾವ ಕಾರಣಕ್ಕೂ ಆಮ್ಮೀಟರಿನ ಮೂಲಕ ಹಾಯಿಸಕೂಡದು. ಸ್ಟಾರ್ಟರು ನೂರಾರು ಆಂಪಿಯರನ್ನು ಎಳೆಯುವುದರಿಂದ ಮಾಪಕವು ಆ ಕ್ಷಣವೇ ಸುಟ್ಟುಹೋಗುವುದು.

ಇಷ್ಟೆಲ್ಲ ವಿಚಾರಿಸಿದರೆ ಹಳೆಯ ಯಂತ್ರಕ್ಕೆ ವೋಲ್ಟ್‌ಮೀಟರೇ ಮೇಲೆಂದು ತೋರುತ್ತದೆ. ಅದಕ್ಕೆ 1 ಚದರ ಮಿಲಿಮೀಟರಿನ ತಂತಿ ಧಾರಾಳವಾಯಿತು. ವಿದ್ಯುತ್ತನ್ನು ಪಡೆಯುವ ಸ್ಥಳದ ಹತ್ತಿರವೇ 2 ಅಥವಾ 3 ಆಂಪಿಯರಿನ ಫ್ಯೂಸನ್ನು ಇಡಿಸಬೇಕು. ಫ್ಯೂಸನ್ನು ಮಾಪಕದ ಬೆನ್ನಿಗೆ ಇಟ್ಟರೆ ನಡುವಣ ತಂತಿಗೆ ರಕ್ಷಣೆಯೇ ಇಲ್ಲ. ಬೇಲಿಯನ್ನು ಹೊಲದ ಅಂಚಿನಲ್ಲಿ ಹಾಕದೆ ಕಣದ ಸುತ್ತ ಹಾಕಿದಂತೆ ಅದು. 12 ವೋಲ್ಟಿನ ತುಂಬಿದ ಬ್ಯಾಟರಿ, ಯಂತ್ರ ನಿಂತಾಗ ಸುಮಾರು 12.6 ತೋರಿಸಬೇಕು, ಯಂತ್ರ ಓಡುವಾಗ 13.8ರಿಂದ 14.4. ಮುಳ್ಳು 15ನ್ನು ಮೀರಿದರೆ ರೆಗ್ಯುಲೇಟರು ಕೆಟ್ಟು ಬ್ಯಾಟರಿಯ ನೀರು ಕುದಿಯುತ್ತಿದೆಯೆಂದು ಭಾವಿಸಬಹುದು.

ವೋಲ್ಟ್‌ಮೀಟರಿನ ತಂತಿಯನ್ನು ಬ್ಯಾಟರಿಗೆ ನೇರವಾಗಿ ಜೋಡಿಸದೆ ಚಾವಿಯ ಆಚೆಗೆ ಜೋಡಿಸುವುದು ಲೇಸು. ಆಂಪಿಯರಿನ ಇಪ್ಪತ್ತನೆಯ ಒಂದು ಭಾಗವನ್ನು ಎಳೆಯುವ ಮಾಪಕವೂ ಒಂದು ತಿಂಗಳಲ್ಲಿ 36 ಆಂಪಿಯರ್-ಗಂಟೆಗಳನ್ನು ಕುಡಿದುಬಿಡುತ್ತದೆ. 75 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅದು ಹೆಚ್ಚುಕಡಮೆ ಅರ್ಧ. ಉಳುಮೆಗೂ ಕೊಯ್ಲಿಗೂ ನಡುವೆ ಕೊಟ್ಟಿಗೆಯಲ್ಲಿ ನಿಂತಿರುವ ಟ್ರಾಕ್ಟರಿಗೆ ಇದು ಸಣ್ಣ ಮಾತಲ್ಲ.

ಮನೆಯ ಗೋಡೆಗೆ ಹಾಕುವ ಒಂಟಿ ಎಳೆಯ ಗಟ್ಟಿ ತಂತಿ ವಾಹನಕ್ಕೆ ಸಲ್ಲದು. ಅಲುಗಾಟಕ್ಕೆ ಅದು ಒಳಗೇ ಮುರಿಯುತ್ತದೆ. ಅನೇಕ ಸಣ್ಣ ಎಳೆಗಳ ತಾಮ್ರದ ವಾಹನ ತಂತಿಯನ್ನೇ ಕೇಳಿ ಪಡೆಯಬೇಕು. ತಗಡಿನ ತೂತನ್ನು ದಾಟುವೆಡೆ ರಬ್ಬರು ಬಳೆ ಇರಲೇಬೇಕು. ಬೇಲೂರಿನ ಕಡೆಯ ಮಳೆಯಲ್ಲಿ ಬರಿಯ ಕೈಯಿಂದ ಹೊಸೆದು ಟೇಪು ಸುತ್ತಿದ ಕೂಡಿಕೆಗಳು ಹಸಿರು ಕಿಲುಬು ಹಿಡಿದು ಸಡಿಲವಾಗುತ್ತವೆ. ತಂತಿಯ ತುದಿಗೆ ಟರ್ಮಿನಲನ್ನು ಒತ್ತಿಸಿ ಬೆಸುಗೆ ಹಾಕಿಸಿದರೆ ಬಾಳಿಕೆ ಹೆಚ್ಚು. ತೋಟಗಳಲ್ಲಿ ಯಾರಲ್ಲಾದರೂ ಎರಡನೆಯ ಮಹಾಯುದ್ಧದ ಕಾಲದ ವಿಲಿಸ್ ಜೀಪು ಉಳಿದಿದ್ದರೆ, ಅದು ಮೂಲದಲ್ಲಿ 6 ವೋಲ್ಟಿನದೆಂಬುದನ್ನು ಮರೆಯಬಾರದು. ಅದೇ ದೀಪಕ್ಕೆ ಅಲ್ಲಿ ಎರಡರಷ್ಟು ಆಂಪಿಯರು ಬೇಕಾಗುವುದರಿಂದ ತಂತಿಯೂ ದಪ್ಪವಾಗಬೇಕು. 12 ವೋಲ್ಟಿನ ಮಾಪಕ ಅಲ್ಲಿ ಕೆಲಸಕ್ಕೆ ಬಾರದು.

ಎಂಜಿನಿನ ಶಾಖಮಾಪಕವನ್ನು ಹಾಕಿಸುವವರಿಗೆ ಇನ್ನೊಂದು ಸೂಚನೆ. ವಿದ್ಯುತ್ತಿನಿಂದ ನಡೆಯುವ ಒಂಟಿ ತಂತಿಯ ಮಾಪಕದಲ್ಲಿ ಎಂಜಿನಿಗೆ ತಿರುಗಿಸಿ ಕೂರಿಸುವ ಬಿರಡೆಯ ಮರೆಯೇ ಅರ್ತಿನ ದಾರಿ. ನೀರು ಸೋರದಿರಲೆಂದು ಮರೆಗೆ ಬಿಳಿಯ ಟೇಪನ್ನು ದಟ್ಟವಾಗಿ ಸುತ್ತಿದರೆ ಆ ದಾರಿ ಕಟ್ಟಿ, ಎಂಜಿನು ಕಾದಿದ್ದರೂ ಮುಳ್ಳು ತಣ್ಣಗಿದೆಯೆಂದು ತೋರಿಸಬಹುದು. ಸಣ್ಣ ತಾಮ್ರದ ನಳಿಗೆಯ ಮಾಪಕಕ್ಕೆ ಅಳೆಯಲು ವಿದ್ಯುತ್ತೇ ಬೇಡ. ನಳಿಗೆಯನ್ನು ಚೂಪಾಗಿ ಬಗ್ಗಿಸದಿದ್ದರೆ ಸಾಕು.

ಕೆಲಸಕ್ಕೆ ತೊಡಗುವ ಮುನ್ನ ಬ್ಯಾಟರಿಯ ಅರ್ತಿನ ಕೇಬಲನ್ನು ಮೊದಲು ಕಳಚಿ, ಮುಗಿದ ಮೇಲೆ ಅದನ್ನೇ ಕಡೆಗೆ ಹಾಕತಕ್ಕದ್ದು. ಕೆಲವು ಹಳೆಯ ಯಂತ್ರಗಳಲ್ಲಿ ಧನ ಧ್ರುವವೇ ಅರ್ತಿಗೆ ಜೋಡಿಸಲ್ಪಟ್ಟಿರುತ್ತದೆ. ಅದನ್ನು ನೋಡಿಕೊಳ್ಳದೆ ತಂತಿಯನ್ನು ಮುಟ್ಟಿಸಬಾರದು.